ನೊರೆ ಪುರಾಣ

"ನೊರೆ ಬರದಿದ್ರೆ ಅದೂ ಒಂದು ಒಗೆಯೋದೇನ್ರೀ? ಬರೀ ಬಟ್ಟೆ ನೆನೆಸೋದು ಅಷ್ಟೇ," ಅಂತ ಸುಬ್ಬಣ್ಣ ತೀರ್ಪು ಕೊಟ್ಟುಬಿಟ್ಟರು.

ವಿಷಯ ಇಷ್ಟೆ. ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕ, ನೋಡಿಕೊಳ್ಳೋ ಹುಡುಗ ಸಂಜೆ ಗೇಟಿನ ಹತ್ತಿರ ಬಂದು, ಗಾಳಿ ಊದೋ ಟ್ಯಾಂಕಿನಿಂದ ನೊರೆ ಉಕ್ಕಿ ಮೆಟ್ಟಿಲಿಗೆ ಬಂದಿದೆ, ಕಾಲಿಟ್ಟರೆ ಜಾರುತ್ತೆ, ದಯವಿಟ್ಟು ಎಲ್ಲರೂ ಪೌಡರ್ ಕಮ್ಮಿ ಹಾಕಿ ಅಂತ ಕೈಮುಗಿದು ಹೋಗಿದ್ದ. ಬೆಂಚಿನ ಮೇಲೆ ಕೂತಿದ್ದ ನಮಗೆ ಅಷ್ಟು ಸಾಕಲ್ಲ!

"ಸುಬ್ಬಣ್ಣ, ನೊರೆ ಅಂದ್ರೆ ಒಳಗೆ ಗಾಳಿ ತುಂಬ್ಕೊಂಡಿರೋದು ಕಣ್ರೀ," ಅಂದರು ಸುಮಿತ್ರಕ್ಕ. ಮೂವತ್ತು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟವರು. ಎದುರಿಗೆ ಯಾರಿದ್ದರೂ ಒಂಬತ್ತನೇ ಕ್ಲಾಸೇ ಅವರಿಗೆ. "ಪೌಡರಿನ ಕಣಕ್ಕೆ ಒಂದು ತುದಿ ಜಿಡ್ಡು ಹಿಡಿಯೋದು, ಇನ್ನೊಂದು ತುದಿ ನೀರು ಹಿಡಿಯೋದು. ಕೊಳೆ ಬಿಡಿಸೋದು ಅದು. ನೊರೆ ಮೇಲೆ ನಿಂತು ಮೆರೆಯುತ್ತೆ ಅಷ್ಟೆ."

"ಥೇಟ್ ನಮ್ಮ ಮ್ಯಾನೇಜರ್ ಥರ," ಅಂದ ಮಂಜ.

"ಆದ್ರೆ ಅಕ್ಕಾ, ನಮ್ಮ ಟ್ಯಾಂಕರ್ ನೀರಲ್ಲಿ ಎರಡು ಚಮಚ ಹಾಕಿದ್ರೂ ನೊರೆ ಏಳಲ್ಲ. ನಾಲ್ಕು ಹಾಕ್ಲೇಬೇಕು," ಅಂದರು ಸುಬ್ಬಣ್ಣ.

"ಅದೇ ನೋಡಿ. ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸುಣ್ಣದ ಅಂಶ ಇರುತ್ತೆ, ಸೋಪಿನ ಅರ್ಧ ಶಕ್ತಿ ಅದರ ಜೊತೆ ಗುದ್ದಾಡೋದರಲ್ಲೇ ಖರ್ಚು. ಆ ಗಡಸು ಮುರಿಯೋಕೆ ಅಂತಾನೇ ಎಷ್ಟೋ ಪೌಡರುಗಳಿಗೆ ಫಾಸ್ಫೇಟ್ ಸೇರಿಸ್ತಾ ಬಂದ್ರು. ಈಗ ನೀವು ನಾಲ್ಕು ಚಮಚ ಸುರೀತೀರಿ, ಆಮೇಲೆ ಜಾಲಿಸೋಕೆ ಇನ್ನೆರಡು ಬಕೆಟ್ ನೀರು ಬೇಕು, ಅದಕ್ಕೆ ಮತ್ತೆ ಟ್ಯಾಂಕರ್."

ಸುಬ್ಬಣ್ಣನಿಗೆ ಇದು ಇಷ್ಟವಾಗಲಿಲ್ಲ. ಮಾತು ತಿರುಗಿಸೋದರಲ್ಲಿ ಅವರು ನಿಸ್ಸೀಮರು. "ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಮಾತ್ರ ಫ್ಯಾಕ್ಟರಿಯವರದ್ದು. ಅದಕ್ಕೂ ನನ್ನ ಲುಂಗಿಗೂ ಏನು ಸಂಬಂಧ?"

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ!" ಸುಮಿತ್ರಕ್ಕ ಎದ್ದೇ ನಿಂತರು. "ಫ್ಯಾಕ್ಟರಿಗಳೂ ಪಾಲುದಾರರೇ, ಇಲ್ಲ ಅನ್ನಲ್ಲ. ಆದ್ರೆ ಆ ಕೆರೆಗೆ ಬಂದು ಬೀಳೋದರಲ್ಲಿ ದೊಡ್ಡ ಪಾಲು ಮನೆಗಳ ಕೊಳಚೆ ನೀರು ಕಣ್ರೀ. ನಿಮ್ಮ ಬಚ್ಚಲದ್ದು, ನನ್ನ ಸಿಂಕಿಂದು. ಆ ನೀರು ಯಮಲೂರಿನ ಕೋಡೀಲಿ ಬಿದ್ದು ಕಡೆದ ಹಾಗಾಗುತ್ತೆ, ನೊರೆ ಏಳುತ್ತೆ. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತ್ತು. ನೀರಿನ ಮೇಲೆ ಬೆಂಕಿ!"

"2018ರ ಜನವರೀಲಿ ಕೆರೆ ಹೊತ್ತಿ ಉರಿದಾಗ ಮಿಲಿಟರಿಯವರೇ ಬಂದು ಆರಿಸಬೇಕಾಯ್ತು," ಅಂತ ನಾನೂ ಒಂದು ಸೇರಿಸಿದೆ. ಹರಟೆಯಲ್ಲಿ ಸುಮ್ಮನೆ ಕೂತರೆ ಮರುದಿನ ಯಾರೂ ಕರೆಯೋದಿಲ್ಲ.

"ನೊರೆ ರಸ್ತೆಗೆ ಹಾರದ ಹಾಗೆ ಬಲೆ ಕಟ್ಟಿದ್ರಲ್ಲ, ನೋಡಿದ್ರಾ?" ಮಂಜ ನಕ್ಕ. "ಕೆರೆಗೂ ಸೊಳ್ಳೆ ಪರದೆ! ಬೈಕಲ್ಲಿ ಹೋಗೋವಾಗ ಒಂದು ಮುದ್ದೆ ಹೆಲ್ಮೆಟ್ ಮೇಲೆ ಕೂತಿತ್ತು. ನೋಡೋಕೆ ಮಲ್ಲಿಗೆ ದಂಡೆ, ವಾಸನೆ ಮಾತ್ರ ಗಟಾರದ್ದು."

ನಕ್ಕವನ ಮುಖ ತುಸು ಸಪ್ಪಗಾಯಿತು. ಹುಡುಗ ಕೋಲಾರದ ಕಡೆಯವನು. "ಆ ನೀರು ನಮ್ಮೂರ ಕಡೆಗೂ ಬಂತಲ್ಲಕ್ಕಾ. ಕೆ.ಸಿ. ವ್ಯಾಲಿ ಯೋಜನೆ ಅಂತ ಸಂಸ್ಕರಿಸಿ ಪೈಪಲ್ಲಿ ಕಳಿಸಿದ್ರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು ಅಂತ ಜನ ಕುಣಿಯೋ ಹೊತ್ತಿಗೆ ಅಲ್ಲೂ ನೊರೆ ಎದ್ದಿತ್ತು."

"ಸಂಸ್ಕರಿಸಿದ್ರೆ ಎಲ್ಲಾ ಹೋಗಲ್ಲ ಮಂಜ. ಮಾಮೂಲಿ ಎಸ್‌ಟಿಪೀಲಿ ಫಾಸ್ಫೇಟ್ ಪೂರ್ತಿ ಹೋಗೋದಿಲ್ಲ. ಅದು ಕೆರೇಲಿ ಕೂತ್ರೆ ಕಳೆಗೆ ಹಬ್ಬದೂಟ, ಮೀನಿಗೆ ಉಸಿರು ಕಷ್ಟ. ಅತ್ತ ಬೆಳ್ಳಂದೂರಿಂದ ವರ್ತೂರು ಕೆರೆ ದಾಟಿದ ನೀರು ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿನ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗುತ್ತೆ. ಅಲ್ಲೂ ನೊರೆ."

"ಅಂದ್ರೆ ಕಾವೇರಿ ನೀರಿಗೆ ಅಷ್ಟು ಜಗಳ ಆಡಿ, ಈ ಕಡೆಯಿಂದ ಸುಮ್ಮನೆ ನೊರೆ ಕಳಿಸ್ತಿದೀವಿ ಅನ್ನಿ," ಅಂದೆ.

ಸುಬ್ಬಣ್ಣ ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡರು. ಸೋಲೋ ಲಕ್ಷಣ ಕಂಡರೆ ಅವರು ಅಜ್ಜಿ ಕಾಲಕ್ಕೆ ಹೋಗಿಬಿಡುತ್ತಾರೆ. "ನಮ್ಮಜ್ಜಿ ಅಂಟುವಾಳಕಾಯಿ ಹಾಕಿ ಒಗೀತಿದ್ರು. ಅದರಲ್ಲೂ ನೊರೆ ಬರ್ತಿತ್ತು ತಾಯಿ!"

"ಬರ್ತಿತ್ತು. ಆದ್ರೆ ನಿಮ್ಮಜ್ಜಿ ಹತ್ರ ಎಷ್ಟು ಸೀರೆ ಇತ್ತು? ನೀವು ಎರಡು ಗಂಟೆ ಹಾಕ್ಕೊಂಡ ಅಂಗಿಯನ್ನೂ ಮೆಷೀನಿಗೆ ಎಸೀತೀರಿ."

"ಅದು ಫ್ರಂಟ್ ಲೋಡ್ ಮೆಷೀನು," ಅಂದರು ಸುಬ್ಬಣ್ಣ ಗತ್ತಿನಿಂದ.

"ಇನ್ನೂ ಕೆಟ್ಟಿತು! ಅದಕ್ಕೆ ನೊರೆ ಕಮ್ಮಿ ಇರೋ ಪೌಡರೇ ಹಾಕಬೇಕು. ನೊರೆ ಜಾಸ್ತಿ ಆದ್ರೆ ಬಟ್ಟೆ ಅದರ ಮೇಲೆ ತೇಲಾಡ್ತಾ ಇರುತ್ತೆ, ಉಜ್ಜಾಟಾನೇ ಆಗಲ್ಲ. ಕರೀ ಪ್ಯಾಂಟಿನ ಮೇಲೆ ಬಿಳೀ ಗೀಟು ಉಳ್ಕೊಳ್ಳೋದು ಅದಕ್ಕೇ."

ನಾವೆಲ್ಲ ಒಟ್ಟಿಗೆ ಸುಬ್ಬಣ್ಣನ ಪ್ಯಾಂಟು ನೋಡಿದೆವು. ಅವರು ಕಾಲು ಮಡಿಚಿಕೊಂಡರು.

"ಆಯ್ತು ಮಾರಾಯ್ತಿ, ನಾಳೆಯಿಂದ ಎಷ್ಟು ಹಾಕ್ಲಿ ಹೇಳಿ."

"ಡಬ್ಬದ ಜೊತೆ ಒಂದು ಅಳತೆ ಲೋಟ ಬರುತ್ತಲ್ಲ, ಅದರಲ್ಲಿ ಗೆರೆ ಹಾಕಿರ್ತಾರೆ. ಅದಕ್ಕಿಂತ ಮೇಲೆ ಹೋಗ್ಬೇಡಿ."

"ಆ ಲೋಟಾನಾ? ಅದನ್ನ ನಮ್ಮನೆಯವಳು ರವೆ ಡಬ್ಬಕ್ಕೆ ಹಾಕಿ ಎಷ್ಟು ಕಾಲ ಆಯ್ತೋ!"

ಮಂಜ ನಿಧಾನಕ್ಕೆ ತಿರುಗಿದ. "ಅಂಕಲ್, ಹೋದ ಭಾನುವಾರ ನಿಮ್ಮನೇಲಿ ತಿಂದ ಉಪ್ಪಿಟ್ಟು ಮಲ್ಲಿಗೆ ಘಮ ಅಂತಿತ್ತಲ್ಲ, ಅದು ಒಗ್ಗರಣೆಯದ್ದಲ್ವಾ ಹಾಗಾದ್ರೆ?"