ಗಿಡ ನೆಡೋಕೂ ತರಬೇತಿನಾ ಅಂದವರಿಗೆ

ಸುಜಾತಕ್ಕ, ನಿಮ್ಮ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಜೂನ್ 5ಕ್ಕೆ ನೂರು ಗಿಡ ತಂದು ನೆಟ್ಟರೆ ಆಯ್ತು, ಅದಕ್ಕೆ ಭಾನುವಾರ ಹಾಳು ಮಾಡಿಕೊಂಡು ತರಬೇತಿ ಯಾಕೆ ಅಂತ ಕೇಳಿದ್ದೀರಿ ಅಲ್ವಾ?

ನೆಡಲು ಅರ್ಧ ಗಂಟೆ ಸಾಕು, ಒಪ್ಪಿದೆ. ಅಕ್ಟೋಬರ್‌ವರೆಗೆ ಬೆಂಗಳೂರಿನ ಮಳೆಯೇ ಗಿಡವನ್ನು ನೋಡಿಕೊಳ್ಳುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ನೀರು ಹಾಕುವವರು ಯಾರು? ತರಬೇತಿಯಲ್ಲಿ ಮೊದಲ ಕೆಲಸ ಅದೇ. ಯಾವ ಗಿಡ ಯಾರ ಪಾಲಿಗೆ, ಅವರು ಊರಿಗೆ ಹೋದರೆ ಬಕೆಟ್ ಹಿಡಿಯುವವರು ಯಾರು ಅಂತ ಹೆಸರು ಬರೆದುಕೊಳ್ಳುವುದು. ಎರಡು ಮೂರು ಬೇಸಿಗೆ ದಾಟಿಸಿದರೆ ಹೊಂಗೆ, ಬೇವು ತಮ್ಮ ಪಾಡಿಗೆ ಬೆಳೆಯುತ್ತವೆ. 80ರ ದಶಕದಲ್ಲಿ ಅರಣ್ಯ ಅಧಿಕಾರಿ ನೇಗಿನಹಾಳ್ ಅವರು ಈ ಊರಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರಲ್ಲ, ಅವರೂ ಸುಮ್ನೆ ನೆಟ್ಟು ಹೋಗಲಿಲ್ಲ, ಬೇಲಿ ಕಟ್ಟಿಸಿದರು.

ಇನ್ನು ಕೈ ಕೆಲಸ. ನರ್ಸರಿ ಗಿಡದ ಕಪ್ಪು ಕವರ್ ಸೀಳಿ ನೋಡಿ. ಜಾಸ್ತಿ ದಿನ ಅದರಲ್ಲೇ ಇದ್ದರೆ ಬೇರು ತಳದಲ್ಲಿ ಸಿಂಬೆ ಹಾಗೆ ಸುತ್ತಿಕೊಂಡಿರುತ್ತದೆ. ಬಿಡಿಸದೆ ಹಾಗೇ ನೆಟ್ಟರೆ ಬೇರು ಆಚೆ ಹರಡುವುದು ಕಷ್ಟ. ಮೇಲೆ ಎಲೆ ಚೆನ್ನಾಗೇ ಕಾಣುತ್ತದೆ. ಕೆಲವು ವರ್ಷ ಆದಮೇಲೆ ಒಂದು ಜೋರು ಗಾಳಿಮಳೆ ಬಂದರೆ ಬುಡಸಮೇತ ಉರುಳಬಹುದು. ಕೆಲವರು ಕವರ್ ಸಮೇತ ಹೂಳುತ್ತಾರೆ, ಅವರಿಗೆ ಏನು ಹೇಳಲಿ! ಆಸರೆ ಕೋಲಿಗೆ ತಂತಿ ಬಿಗಿಯಬೇಡಿ, ತೊಗಟೆ ಕುಯ್ಯುತ್ತದೆ. ಹಳೇ ಬಟ್ಟೆಯ ಪಟ್ಟಿ ಸಡಿಲವಾಗಿ ಕಟ್ಟಿದರೆ ಸಾಕು. ಪಾತಿ ಮಾಡಿ ತರಗೆಲೆ ಹೊದಿಸಿದರೆ ನೀರೂ ಉಳಿಯುತ್ತದೆ.

ಜಾಗ ನೋಡುವುದನ್ನೂ ಕಲಿಯಬೇಕು. ಕರೆಂಟ್ ತಂತಿಯ ಕೆಳಗೆ ಮಳೆಮರ ಹಾಕಿದರೆ ಪದೇ ಪದೇ ಕೊಂಬೆ ಕಡಿಯುತ್ತಾರೆ, ಭಾರ ಒಂದೇ ಕಡೆ ಆಗಿ ಮರ ವಾಲುತ್ತದೆ. ಅಲ್ಲಿ ಮಂದಾರ, ಪಾರಿಜಾತ ಸಾಕು. ಎದುರು ಬದಿಗೆ ಹೊಂಗೆ ಹಾಕೋಣ. ನೇರಳೆ ಪಾರ್ಕಿನ ಒಳಗಿರಲಿ. ಕಾರಿನ ಮೇಲೆ ಹಣ್ಣು ಬಿದ್ದರೆ ಮೊದಲು ಗಲಾಟೆ ಮಾಡುವವರು ಇದೇ ಗ್ರೂಪಿನವರು, ಹೆಸರು ಹೇಳಲ್ಲ.

ಅಂದಹಾಗೆ, ಇರುವ ಮರಗಳ ಬುಡದ ಕಾಂಕ್ರೀಟ್ ಬಿಡಿಸುವುದು, ಜಾಹೀರಾತಿಗೆ ಹೊಡೆದ ಮೊಳೆ ಕೀಳುವುದು ಕೂಡ ಭಾನುವಾರದ ಪಟ್ಟಿಯಲ್ಲಿದೆ. ನನ್ನ ಕೇಳಿದರೆ ನೂರು ಸಸಿಗಿಂತ ಇದೇ ಮುಖ್ಯ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಯಾರಾದರೂ ಗರಗಸ ಹಿಡಿದು ಬಂದರೆ ಮೊದಲು ಆ ಪತ್ರ ತೋರಿಸಿ ಅನ್ನಿ.

ಬೆಳಿಗ್ಗೆ 7ಕ್ಕೆ ಪಾರ್ಕ್ ಗೇಟ್ ಹತ್ತಿರ ಬನ್ನಿ. ಗುದ್ದಲಿ, ಪಿಕಾಸಿ ಇದ್ದವರು ತನ್ನಿ. ಅಕ್ಕ, ಬೇಸಿಗೆಯಲ್ಲಿ ನಿಮ್ಮ ಸಂಪಿನಿಂದ ನೀರು ಕೊಡೋಕಾಗುತ್ತಾ? ಆಗದಿದ್ದರೆ ಈಗಲೇ ಹೇಳಿಬಿಡಿ, ಮೂರನೇ ಕ್ರಾಸಿನವರನ್ನು ಕೇಳುತ್ತೇನೆ.