ಪದಚರ್ಚೆ: ‘ಕಬೆಸೆಯೊ’ಗೆ ಗೋಣ್ಸನ್ನೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ಪ್ಯಾನಿಶ್‌ನಲ್ಲಿ ಅದಕ್ಕೆ ‘ಕಬೆಸೆಯೊ’ ಅಂತಾರೆ. ಅರ್ಜೆಂಟೀನಾದ ಟ್ಯಾಂಗೊ ಕೂಟಗಳಲ್ಲಿ ಜೊತೆಗೆ ಕುಣಿಯೋಕೆ ಕರೆಯುವ ರೀತಿ ಅದು. ಹತ್ತಿರ ಹೋಗಿ ಕೇಳುವುದಿಲ್ಲ. ಗಂಡಸು ಹಾಲ್‌ನ ಆ ತುದಿಯಲ್ಲಿ ಕೂತು ಹೆಂಗಸಿನ ಕಣ್ಣಿಗೆ ಕಣ್ಣು ಸೇರಿಸುತ್ತಾನೆ. ನೋಟ ಸೇರಿತು ಅನ್ನಿಸಿದರೆ ತಲೆಯನ್ನು ಒಂದು ಚೂರು ಅಲುಗಿಸುತ್ತಾನೆ. ಆಕೆಗೆ ಒಪ್ಪಿಗೆ ಇದ್ದರೆ ಆಕೆಯೂ ಅಲುಗಿಸುತ್ತಾಳೆ. ಇಲ್ಲದಿದ್ದರೆ ಬೇರೆ ಕಡೆ ನೋಡುತ್ತಾಳೆ. ಅಷ್ಟೇ. ಯಾರೂ ‘ಬರ್ತೀಯಾ’ ಅಂತ ಕೇಳಲಿಲ್ಲ, ಯಾರೂ ‘ಬರಲ್ಲ’ ಅನ್ನಲಿಲ್ಲ, ಯಾರ ಮುಖವೂ ಸಪ್ಪೆಯಾಗಲಿಲ್ಲ.

ನಮ್ಮ ಯಜಮಾನರ ಕೆಲಸದ ನೆಪದಲ್ಲಿ ಹತ್ತು ತಿಂಗಳು ಬ್ಯೂನಸ್ ಐರಿಸ್‌ನಲ್ಲಿದ್ದೆ. ಈಗ ಒಂದು ವಿಶೇಷಾಂಕಕ್ಕೆ ಅಲ್ಲಿನ ಟ್ಯಾಂಗೊ ಬಗ್ಗೆ ಬರೆಯುತ್ತಿದ್ದೇನೆ. ಉಳಿದ ಪದಗಳನ್ನು ಹೇಗೋ ಸಂಭಾಳಿಸಿದೆ (ಅವನ್ನೂ ಕೆಳಗೆ ಹಾಕಿದ್ದೇನೆ, ಬೈಯುವವರು ಬೈಯಿರಿ). ಇದೊಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

‘ಕಬೆಸಾ’ ಅಂದರೆ ತಲೆ. ಅದರಿಂದ ಬಂದ ‘ಕಬೆಸೆಯೊ’ಗೆ ಸ್ಪ್ಯಾನಿಶ್‌ನಲ್ಲೂ ಅರ್ಥಗಳು ಹಲವು. ಕೂತಲ್ಲೇ ತೂಕಡಿಸುವುದಕ್ಕೂ ಅದೇ ಪದ, ಫುಟ್‌ಬಾಲ್‌ನಲ್ಲಿ ಚೆಂಡಿಗೆ ತಲೆ ಕೊಡುವುದಕ್ಕೂ ಅದೇ. ಅಲೆಗೆ ಹಡಗಿನ ಮೂತಿ ಏಳುವುದು ಬೀಳುವುದಕ್ಕೂ ಅದೇ. ಟ್ಯಾಂಗೊ ಹಾಲ್‌ನ ಒಳಗೆ ಮಾತ್ರ ಅದು ಕರೆ.

ಸಲೀಸಾಗಿ ‘ತಲೆಯಾಡಿಸು’ ಅಂತ ಬರೆದುಬಿಡಬಹುದಿತ್ತು. ಆದರೆ ಈ ತಲೆಯಾಡಿಸುವ ವಿಷಯದಲ್ಲೇ ನಾನು ಕೆಟ್ಟಿದ್ದು. ಅಲ್ಲಿಗೆ ಹೋದ ಎರಡನೇ ತಿಂಗಳು. ಹಳೇ ಪದ್ಧತಿಯ ಕೂಟ, ಗಂಡಸರು ಒಂದು ಕಡೆ, ಹೆಂಗಸರು ಎದುರು ಕಡೆ. ನಮ್ಮಲ್ಲಿ ಇಂಥ ಜಾಗ ಅಂದರೆ ಮಬ್ಬು ಬೆಳಕು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ದೀಪ ಚೆನ್ನಾಗಿ ಉರಿಯುತ್ತಿತ್ತು. ಕಣ್ಣು ಕಾಣದಿದ್ದರೆ ಕರೆಯುವುದು ಹೇಗೆ! ಎಪ್ಪತ್ತು ದಾಟಿದ ಒಬ್ಬ ಅಜ್ಜ, ಇಸ್ತ್ರಿ ಮಾಡಿದ ಕಂದು ಸೂಟು, ಮಿರಿಮಿರಿ ಬೂಟು. ನನ್ನ ಕಡೆಗೇ ನೋಡಿದರು. ಗಲ್ಲ ಒಂದು ನೂಲು ಮೇಲಕ್ಕೆ ಎದ್ದಿತು. ನನಗೆ ಖುಷಿಯೋ ಖುಷಿ. ‘ಓಹೋ, ಧಾರಾಳವಾಗಿ’ ಅನ್ನುವ ಹಾಗೆ ನಮ್ಮೂರ ಪದ್ಧತಿಯಲ್ಲಿ ತಲೆಯನ್ನು ಆ ಭುಜದಿಂದ ಈ ಭುಜಕ್ಕೆ ತೂಗಿದೆ. ಅಜ್ಜ ಮೆಲ್ಲಗೆ ಕಣ್ಣು ತಿರುಗಿಸಿಕೊಂಡು ಪಕ್ಕದ ಮೇಜಿನ ಕಡೆ ನೋಡಿದರು. ನಾನು ಬೇಡ ಅಂದೆ ಅಂದುಕೊಂಡರು, ಪಾಪ. ಆಮೇಲೆ ಮುಕ್ಕಾಲು ಗಂಟೆ ನಾನು ನೊಣ ಹೊಡೆಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನಕ್ಕು, ನನ್ನ ಗಲ್ಲ ಹಿಡಿದು ಮೇಲೆ ಕೆಳಗೆ ಮಾಡಿ ತೋರಿಸಿಕೊಟ್ಟಳು.

(ಹೀಗೆ ಯಾರೂ ಕರೆಯದೆ ಕೂತಿರುವುದಕ್ಕೆ ಅವರಲ್ಲಿ ‘ಪ್ಲಾಂಚಾರ್’ ಅಂತಾರೆ. ಅಂದರೆ ಬಟ್ಟೆಗೆ ಇಸ್ತ್ರಿ ಹಾಕೋದು. ‘ಇವತ್ತು ರಾತ್ರಿಯೆಲ್ಲ ಇಸ್ತ್ರಿ ಹಾಕಿದೆ’ ಅಂದರೆ ಒಬ್ಬರೂ ಕರೆಯಲಿಲ್ಲ ಅಂತ ಅರ್ಥ. ಇದನ್ನು ಹಾಗೇ ಇಟ್ಟುಕೊಂಡಿದ್ದೇನೆ. ನೊಣ ಹೊಡೆಯೋದು ನಮ್ಮದು, ಇಸ್ತ್ರಿ ಅವರದು.)

ಈಗ ನಮ್ಮ ಪದಗಳನ್ನು ನೋಡಿ. ‘ತಲೆದೂಗು’ ಅಂದರೆ ಮೆಚ್ಚುಗೆ, ಅದು ಸಂಗೀತ ಕಚೇರಿಯ ಮುಂದಿನ ಸಾಲಿನವರಿಗೆ ಸರಿ. ‘ತಲೆ ಬಾಗು’ ಅಂದರೆ ಶರಣಾದ ಹಾಗೆ. ‘ತಲೆ ಅಲ್ಲಾಡಿಸು’ ಹೌದೋ ಅಲ್ಲವೋ ಅಂತ ಹೇಳುವುದೇ ಇಲ್ಲ. ಜೊತೆಗೆ ಕೋಲೆ ಬಸವ ಬೇರೆ ನೆನಪಾಗುತ್ತಾನೆ, ಎಲ್ಲದಕ್ಕೂ ತಲೆ ಆಡಿಸುವವನು. ಕಬೆಸೆಯೊದಲ್ಲಿ ಎಲ್ಲದಕ್ಕೂ ಆಡಿಸಿದರೆ ಕೆಟ್ಟಿರಿ. ‘ಕಣ್ಸನ್ನೆ’ ಬಹಳ ಹತ್ತಿರದ ಪದ. ಆದರೆ ಅದರಲ್ಲಿ ತಲೆ ಇಲ್ಲ, ಮತ್ತೆ ಅದಕ್ಕೆ ಸ್ವಲ್ಪ ಕಳ್ಳತನದ ವಾಸನೆ ಇದೆ. ಇಬ್ಬರು ಸೇರಿ ಮೂರನೆಯವರಿಗೆ ಗೊತ್ತಾಗದಂತೆ ಮಾಡುವುದು ಕಣ್ಸನ್ನೆ. ಅದೂ ಅಲ್ಲದೆ ಕಣ್ಣಿನ ಭಾಗಕ್ಕೆ ಅವರಲ್ಲಿ ಬೇರೆಯೇ ಪದ ಇದೆ: ‘ಮಿರಾದಾ’. ಅದಕ್ಕೆ ‘ನೋಟ’ ಸಾಕು.

ಉಳಿದಿದ್ದು ಗೋಣು. ಧಾರವಾಡದ ಕಡೆ ‘ಗೋಣು ಹಾಕಿದ’ ಅಂದರೆ ಒಪ್ಪಿದ ಅಂತ ತಾನೆ? ಮಾತಿಲ್ಲ, ಬರೀ ಕತ್ತು, ಅರ್ಥ ಹೌದು. ನನಗೆ ಬೇಕಾದ್ದು ಅದೇ. ಕಣ್ಸನ್ನೆ, ಕೈಸನ್ನೆ ಇದ್ದಹಾಗೆ ‘ಗೋಣ್ಸನ್ನೆ’ ಅಂತ ಕಟ್ಟಿದ್ದೇನೆ. ಆದರೆ ನಮ್ಮಮ್ಮ ಮೈಸೂರಿನವರು. ಓದಿದವರೇ ‘ಗೋಣು ದನಕ್ಕೆ ಕಣೇ, ಮನುಷ್ಯರಿಗೆ ಅಂದರೆ ಮುರೀತೀನಿ ಅನ್ನೋಕೆ ಮಾತ್ರ’ ಅಂದುಬಿಟ್ಟರು. ಗೋಣಿಚೀಲವೂ ನೆನಪಾಯಿತಂತೆ. ಇದೇ ನನ್ನ ಮುಖ್ಯ ಪ್ರಶ್ನೆ. ಹಳೇ ಮೈಸೂರು, ಕರಾವಳಿ, ಮಲೆನಾಡಿನವರ ಕಿವಿಗೆ ಗೋಣ್ಸನ್ನೆ ಹೇಗೆ ಕೇಳುತ್ತದೆ? ಬಯ್ಗುಳದ ಹಾಗಾ?

ಇನ್ನು ಉಳಿದವು.

‘ತಾಂದಾ’. ಒಂದೇ ವಾದ್ಯತಂಡದ, ಒಂದೇ ಬಗೆಯ ಹಾಡುಗಳ ಗುಂಪು. ಟ್ಯಾಂಗೊ ಆದರೆ ಸಾಮಾನ್ಯವಾಗಿ ನಾಲ್ಕು, ವಾಲ್ಟ್ಸ್ ಅಥವಾ ಮಿಲೊಂಗ (ಟ್ಯಾಂಗೊಗಿಂತ ಚುರುಕಾದ ಹಾಡು, ಈ ಪದದ ಕಥೆ ಕೆಳಗಿದೆ) ಆದರೆ ಮೂರು. ಇದನ್ನು ಬಾಯಿಗೆ ಬಂದಂತೆ ‘ತಾಂಡಾ’ ಅಂತ ಬರೆದರೆ ನಮ್ಮ ಓದುಗರು ಲಂಬಾಣಿ ತಾಂಡಾಕ್ಕೆ ಹೋಗಿಬಿಡುತ್ತಾರೆ. ಸ್ಪ್ಯಾನಿಶ್‌ನ ತ, ದ ಎರಡೂ ನಮ್ಮ ತ, ದ ಥರವೇ ಹಲ್ಲಿಗೆ ತಾಗುವಂಥವು. ಆ ಲೆಕ್ಕದಲ್ಲಿ ‘ಟ್ಯಾಂಗೊ’ ಕೂಡ ‘ತಾಂಗೊ’ ಆಗಬೇಕು. ಇಂಗ್ಲಿಷ್ ಸುತ್ತಿ ಬಂದಿದ್ದರಿಂದ ಟ್ಯಾಂಗೊ ಆಗಿದೆ. ತಿದ್ದೋಣ ಅಂದರೆ ಅದೊಂದು ಬೇರೂರಿಬಿಟ್ಟಿದೆ, ಸುಮ್ನೆ ಬಿಟ್ಟೆ.

ತಾಂದಾ ಅಂದರೆ ಸ್ಪ್ಯಾನಿಶ್‌ನಲ್ಲಿ ಪಾಳಿ ಅಂತಲೂ ಆಗುತ್ತದೆ. ಮೊದಲು ಪಾಳಿ ಅಂತಲೇ ಬರೆದೆ. ಕಾರ್ಖಾನೆ ಸೈರನ್ ಕೇಳಿಸಿತು, ಹೊಡೆದು ಹಾಕಿದೆ. ಆಮೇಲೆ ಹೊಳೆಯಿತು: ಪಂಕ್ತಿ! ಮದುವೆ ಮನೆಯ ಪಂಕ್ತಿ. ಒಮ್ಮೆ ಎಲೆ ಮುಂದೆ ಕೂತ ಮೇಲೆ ಉಪ್ಪಿನಿಂದ ಮಜ್ಜಿಗೆವರೆಗೆ ಪಕ್ಕದವರ ಜೊತೆಗೇ ಇರಬೇಕು. ಅವರನ್ನು ಬಿಟ್ಟು ಎದ್ದರೆ ಚೆನ್ನಾಗಿರಲ್ಲ. ತಾಂದಾ ಕೂಡ ಹಾಗೇ. ಗೋಣು ಹಾಕಿದಿರಾ, ನಾಲ್ಕೂ ಹಾಡು ಅವರ ಜೊತೆಗೇ. ಹಾಡು ಹಾಡಿನ ನಡುವೆ ತೆಕ್ಕೆ ಬಿಡಿಸಿಕೊಂಡು ನಿಂತು ‘ಯಾವೂರು, ಯಾವಾಗ ಬಂದ್ರಿ’ ಅಂತ ಎರಡು ಮಾತು. ಮುಂದಿನ ಹಾಡು ಶುರುವಾದರೂ ಯಾರಿಗೂ ಅವಸರ ಇಲ್ಲ. ಮಾತು ಮುಗಿಸಿ ಆಮೇಲೆ ಹೆಜ್ಜೆ.

ಪಂಕ್ತಿ ಪಂಕ್ತಿಯ ನಡುವೆ ಎಲೆ ಎತ್ತಿ ನೆಲ ಒರೆಸುವ ಹೊತ್ತು ಇರುತ್ತದಲ್ಲ, ಅದಕ್ಕೆ ಅವರಲ್ಲಿ ‘ಕೊರ್ತಿನಾ’. ಅಂದರೆ ಪರದೆ. ಟ್ಯಾಂಗೊಗೆ ಸಂಬಂಧವೇ ಇಲ್ಲದ ಯಾವುದೋ ಸಂಗೀತವನ್ನು ಒಂದರ್ಧ ನಿಮಿಷ ಹಾಕುತ್ತಾರೆ. ಎಲ್ಲರೂ ತಮ್ಮ ಮೇಜಿಗೆ ವಾಪಸ್, ಕುಣಿಯುವ ಜಾಗ ಪೂರ್ತಿ ಖಾಲಿ. ಮತ್ತೆ ಮೊದಲ ಹಾಡಿನ ನಾಲ್ಕು ಸ್ವರ ಕೇಳಿದ ಮೇಲೇ ಕಣ್ಣುಗಳು ಎದ್ದೇಳುವುದು. ಹುವಾನ್ ದಾರಿಯೆನ್ಸೊ ತಂಡವಾದರೆ ಚುರುಕು ಕಾಲಿನವರನ್ನು ಹುಡುಕುತ್ತಾರೆ (‘ತಾಳದ ರಾಜ’ ಅನ್ನುವುದು ಅವರ ಬಿರುದು). ಒಸ್ವಾಲ್ದೊ ಪುಗ್ಲಿಯೇಸೆ ಬಂತೋ, ಅದಕ್ಕೆ ಬೇರೆಯೇ ಜನ. ನಮ್ಮಲ್ಲಿ ಬಡಿಸುವವರ ಕೈಯಲ್ಲಿ ಏನಿದೆ ಅಂತ ನೋಡಿಕೊಂಡು ಎಲೆಯಲ್ಲಿ ಜಾಗ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಕೊರ್ತಿನಾಕ್ಕೆ ‘ಪರದೆ’ ಅಂತಲೇ ಬರೆದಿದ್ದೇನೆ, ನಾಟಕ ಕಂಪನಿಗಳ ಅಂಕದ ಪರದೆ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಇಲ್ಲೇ ಇನ್ನೊಂದು ತಮಾಷೆ. ‘ಗ್ರಾಸಿಯಾಸ್’ ಅಂದರೆ ಥ್ಯಾಂಕ್ಸ್, ಇದು ಎಲ್ಲರಿಗೂ ಗೊತ್ತು. ಆದರೆ ಒಂದೇ ಹಾಡು ಮುಗಿದಾಗ ಜೊತೆಗಾರರಿಗೆ ಗ್ರಾಸಿಯಾಸ್ ಅಂದರೆ ‘ಸಾಕು, ಇನ್ನು ನಾನು ಬರಲ್ಲ’ ಅಂತ ಅರ್ಥ. ಗೊತ್ತಿಲ್ಲದ ಹೊಸಬರು ಸಜ್ಜನಿಕೆಯಿಂದ ಮೊದಲ ಹಾಡಿಗೇ ಥ್ಯಾಂಕ್ಸ್ ಹೇಳಿ ಎದುರಿನವರ ಮುಖ ಬಿಳಿಚಿಸುತ್ತಾರೆ. ಪಂಕ್ತಿಯಲ್ಲಿ ಸಾರು ಬರುವ ಮೊದಲೇ ಎಲೆ ಮಡಚಿದ ಹಾಗೆ. ನಾವೂ ಹೊರಡುವಾಗ ‘ಬರ್ತೀನಿ’ ಅನ್ನುವ ಜನ, ಆದ್ದರಿಂದ ನಮಗೆ ಇದು ತೀರಾ ಹೊಸದಲ್ಲ. ಅನುವಾದದಲ್ಲಿ ಮೊದಲ ಸಲ ‘ಗ್ರಾಸಿಯಾಸ್’ ಅಂತಲೇ ಬಿಟ್ಟು, ಆಮೇಲೆ ‘ಸಾಕು’ ಮಾಡಿದ್ದೇನೆ.

‘ಮಿಲೊಂಗ’ ಹಾಗೇ ಇರಲಿ ಅಂತ ಇಟ್ಟಿದ್ದೇನೆ. ಅದು ಕೂಟದ ಹೆಸರು, ‘ಇವತ್ತು ಮಿಲೊಂಗಕ್ಕೆ ಹೋಗೋಣ’. ಟ್ಯಾಂಗೊಗಿಂತ ಚುರುಕಾದ ಒಂದು ಬಗೆಯ ಹಾಡು, ಕುಣಿತದ ಹೆಸರೂ ಹೌದು. ಆಡುಮಾತಿನಲ್ಲಿ ‘ನಂಗೆ ಮಿಲೊಂಗ ಹೇಳಬೇಡ’ ಅಂದರೆ ಕಥೆ ಕಟ್ಟಬೇಡ ಅಂತ. ಅಂಗೋಲಾ ಕಡೆಯ ಕಿಂಬುಂದು ಭಾಷೆಯಲ್ಲಿ ‘ಮುಲೊಂಗ’ ಅಂದರೆ ಮಾತು, ಅದರ ಬಹುವಚನವೇ ಮಿಲೊಂಗ ಅಂತ ಹೆಚ್ಚಿನವರು ಹೇಳುತ್ತಾರೆ. ಗುಲಾಮರಾಗಿ ಬಂದ ಆಫ್ರಿಕನ್ನರ ಜೊತೆ ಬಂದ ಪದ. ಹಾಡು, ಕೂಟ, ಬೇಸರ ತರಿಸುವ ಮಾತು ಮೂರೂ ಒಂದರಲ್ಲೇ ಇರುವ ಪದ ನಮ್ಮಲ್ಲೂ ಇದೆ: ಭಜನೆ! ಭಜನೆಗೆ ಹೋಗ್ತೀವಿ, ಭಜನೆ ಹಾಡ್ತೀವಿ, ‘ಮತ್ತೆ ಅದೇ ಭಜನೆ ಶುರು ಮಾಡಬೇಡ’ ಅಂತೀವಿ. ಅಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ ಮಿಲೊಂಗವನ್ನು ಭಜನೆ ಅಂತ ಬರೆದರೆ ಎರಡೂ ಕಡೆಯವರು ನನ್ನನ್ನು ಹೊಡೆಯುತ್ತಾರೆ.

‘ಅಬ್ರಾಸೊ’ ಬಗ್ಗೆ ಸ್ವಲ್ಪ ಜಾಸ್ತಿ ಒದ್ದಾಡಿದೆ. ಜೋಡಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲುವ ಆ ಅಪ್ಪುಗೆಗೆ ಅವರದ್ದು ಸಾದಾ ಪದ. ಗೆಳೆಯರಿಗೆ ಬರೆದ ಕಾಗದದ ಕೊನೆಯಲ್ಲೂ ‘ಒಂದು ಅಬ್ರಾಸೊ’ ಅಂತ ಬರೆಯುತ್ತಾರೆ. ‘ಆಲಿಂಗನ’ ಅಂದ ಕೂಡಲೇ ಸಿನಿಮಾ ಪೋಸ್ಟರ್ ಕಣ್ಣ ಮುಂದೆ ಬರುತ್ತದೆ. ‘ಅಪ್ಪುಗೆ’ ಒಳ್ಳೇ ಪದ. 1983ರಲ್ಲಿ ಶಿರಸಿ ಕಡೆ ಮರ ಉಳಿಸಲು ಶುರುವಾದ ಅಪ್ಪಿಕೋ ಚಳವಳಿಯ ಮೇಲೆ ಅದಕ್ಕೊಂದು ಗಟ್ಟಿತನವೂ ಬಂದಿದೆ. ಆದರೆ ಮರ ಅಪ್ಪಿಕೊಂಡವರು ಅಲ್ಲಾಡುವುದಿಲ್ಲ. ಟ್ಯಾಂಗೊದಲ್ಲಿ ಅಪ್ಪಿಕೊಂಡೇ ನಡೆಯಬೇಕು. ಕೊನೆಗೆ ‘ತೆಕ್ಕೆ’ ಸಿಕ್ಕಿತು. ಕಾವ್ಯಗಳಲ್ಲಿ ಬರುವ ‘ತಕ್ಕೈಸು’ ಇದರ ಬಳಗದ್ದೇ ಅಂತ ನನ್ನ ಅಂದಾಜು. ತೆಕ್ಕೆಯಲ್ಲಿ ಕೈ ಕಾಣುತ್ತದೆ. ಗಂಡಸಿನ ಬಲಗೈ ಆಕೆಯ ಬೆನ್ನು ಬಳಸಿರುತ್ತದೆ, ಇನ್ನೊಂದು ಬದಿಯಲ್ಲಿ ಅಂಗೈ ಅಂಗೈ ಸೇರಿರುತ್ತವೆ. ಅವರು ಮುಚ್ಚಿದ ಅಬ್ರಾಸೊ, ತೆರೆದ ಅಬ್ರಾಸೊ ಅಂತಾರೆ. ನಾನು ‘ಬಿಗಿ ತೆಕ್ಕೆ’, ‘ಸಡಿಲ ತೆಕ್ಕೆ’ ಮಾಡಿದೆ. ಇದು ಸರಿಹೋಗಿದೆ ಅನ್ನಿಸುತ್ತದೆ, ಇದರ ಬಗ್ಗೆ ಜಗಳಕ್ಕೂ ತಯಾರಿದ್ದೇನೆ.

‘ಕುಣಿ’ ಅನ್ನುವ ಕ್ರಿಯಾಪದದ ಮೇಲೂ ಅನುಮಾನ ಬಂದಿದೆ. ಮೇಲೆ ನಾನೇ ಹತ್ತು ಸಲ ಬಳಸಿದ್ದೇನೆ. ಡೊಳ್ಳು ಕುಣಿತ, ವೀರಗಾಸೆ ಕಣ್ಣ ಮುಂದಿಟ್ಟುಕೊಂಡು ನೋಡಿ, ಕುಣಿತ ಅಂದರೆ ಕಾಲು ನೆಲ ಬಿಡಬೇಕು. ಇಲ್ಲಿ ಪಾದ ನೆಲವನ್ನು ಸವರಿಕೊಂಡೇ ಹೋಗುತ್ತದೆ. ಅಲ್ಲಿನ ಮೇಷ್ಟ್ರುಗಳು ತಿಂಗಳುಗಟ್ಟಲೆ ಬರೀ ನಡೆಸುತ್ತಾರೆ. ಟ್ಯಾಂಗೊ ಅಂದರೆ ನಡಿಗೆ ಅಂತಲೇ ಅವರ ಮಾತು. ಹಾಗಾಗಿ ‘ಹೆಜ್ಜೆ ಹಾಕು’ ಅಂತ ಬದಲಾಯಿಸುತ್ತಿದ್ದೇನೆ. ಎಲ್ಲರೂ ಹಾಲ್ ಸುತ್ತ ಗಡಿಯಾರಕ್ಕೆ ವಿರುದ್ಧವಾಗಿ ಸಾಗುವ ‘ರೊಂದಾ’ಗೆ ಅಪ್ರದಕ್ಷಿಣೆ ಅನ್ನೋಕೆ ಮನಸ್ಸು ಬರಲಿಲ್ಲ, ‘ಎಡಸುತ್ತು’ ಅಂದೆ.

‘ಲುನ್ಫಾರ್ದೊ’ ಪದಗಳು ಇನ್ನೂ ಕಷ್ಟ. ಬ್ಯೂನಸ್ ಐರಿಸ್‌ನ ಬೀದಿ ಮಾತು ಅದು, ಇಟಲಿಯಿಂದ ವಲಸೆ ಬಂದವರ ಮಾತು ಅದರಲ್ಲಿ ತುಂಬಾ ಬೆರೆತಿದೆ. ಕೆಲಸಕ್ಕೆ ಅವರು ‘ಲಬುರೊ’ ಅನ್ನುವುದು ಇಟಲಿಯ ‘ಲವೋರೊ’ದಿಂದ. ಕಾರ್ಲೋಸ್ ಗಾರ್ದೆಲ್ 1917ರಲ್ಲಿ ಹಾಡಿದ ‘ಮಿ ನೋಚೆ ತ್ರಿಸ್ತೆ’ಯ ಮೊದಲ ಸಾಲಲ್ಲೇ ಈ ಬೀದಿ ಮಾತಿದೆ. ಅದಕ್ಕೊಂದು ಅಕಾಡೆಮಿಯೂ ಇದೆ, 1962ರಲ್ಲಿ ಶುರುವಾದದ್ದು. ಅಕ್ಷರ ತಿರುವುಮುರುವು ಮಾಡುವುದು ಇವರ ಇನ್ನೊಂದು ಚಟ. ಟ್ಯಾಂಗೊ ‘ಗೊತಾನ್’ ಆಗುತ್ತದೆ, ಕಾಫಿಯ ‘ಕಫೆ’ ‘ಫೆಕಾ’ ಆಗುತ್ತದೆ. ಚಿಕ್ಕವರಿದ್ದಾಗ ನಾವು ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ದೊಡ್ಡವರ ಎದುರಿಗೇ ಗುಟ್ಟು ಹೇಳಿಕೊಳ್ಳುತ್ತಿದ್ದೆವಲ್ಲ, ಅಂಥದ್ದೇ. ಇದಕ್ಕೆ ‘ತಿರುಗುಮಾತು’ ಅಂದರೆ ನಡೆಯುತ್ತಾ?

ಕೊನೆಯದು, ನಿಜಕ್ಕೂ ತೀರ್ಮಾನ ಆಗದ್ದು. ಅಲ್ಲಿ ಅಪರಿಚಿತರೂ ಒಬ್ಬರನ್ನೊಬ್ಬರು ‘ವೋಸ್’ ಅಂತಾರೆ. ನಮ್ಮ ‘ನೀನು’ವಿಗೆ ಹತ್ತಿರ, ಆದರೆ ಅಗೌರವ ಏನಿಲ್ಲ. ನನ್ನ ಲೇಖನದಲ್ಲಿ ಆ ಕಂದು ಸೂಟಿನ ಅಜ್ಜ ಮುಂದಿನ ವಾರ ಮತ್ತೆ ನೋಡುತ್ತಾರೆ. ಈ ಸಲ ನಾನು ಸರಿಯಾಗಿ ಗೋಣು ಹಾಕುತ್ತೇನೆ. ಅವರು ನನ್ನ ಮೇಜಿನ ಮುಂದೆ ಬಂದು ನಿಲ್ಲುವವರೆಗೆ ಏಳದೆ ಕೂತಿರುತ್ತೇನೆ, ಯಾಕೆಂದರೆ ಅವರು ನೋಡಿದ್ದು ನನ್ನ ಹಿಂದಿನವಳನ್ನೂ ಆಗಿರಬಹುದು. ಬಂದು ನಿಂತು ‘ವೋಸ್’ ಹಾಕಿ ಹೆಸರು ಕೇಳುತ್ತಾರೆ. ಕನ್ನಡದಲ್ಲಿ ಅದು ‘ನಿನ್ನ ಹೆಸರೇನು’ ಅಂತಲಾ, ‘ನಿಮ್ಮ ಹೆಸರೇನು’ ಅಂತಲಾ? ‘ನಿಮ್ಮ’ ಅಂದರೆ ಬ್ಯಾಂಕಿನ ಕೌಂಟರ್. ‘ನಿನ್ನ’ ಅಂದರೆ ಅಜ್ಜ ನನ್ನನ್ನು ಮೊಮ್ಮಗಳು ಮಾಡಿಕೊಂಡ ಹಾಗೆ. ಮುಂದಿನ ಕ್ಷಣ ಇಬ್ಬರೂ ತೆಕ್ಕೆಯಲ್ಲಿರುತ್ತೇವೆ, ಎರಡೂ ಕೂಡುತ್ತಿಲ್ಲ. ಉತ್ತರ ಕರ್ನಾಟಕದವರ ‘ಏನ್ರಿ ನಿಮ್ಮ ಹೆಸರು’ ಇದಕ್ಕೆ ಸರಿಹೋದೀತಾ ಅಂತ ಯೋಚಿಸುತ್ತಿದ್ದೇನೆ. ಆ ‘ರಿ’ಯಲ್ಲಿ ಸಲಿಗೆಯೂ ಇದೆ, ಮರ್ಯಾದೆಯೂ ಇದೆ. ಆದರೆ ಬ್ಯೂನಸ್ ಐರಿಸ್‌ನ ಅಜ್ಜ ಹುಬ್ಬಳ್ಳಿಯವರಾಗಿಬಿಟ್ಟರೆ?

ಸೋಮವಾರದೊಳಗೆ ಹೇಳಿ. ಸಂಪಾದಕರು ಈಗಾಗಲೇ ನನ್ನ ತಾಂದಾವನ್ನು ಎರಡು ಸಲ ತಾಂಡಾ ಮಾಡಿ ಕಳಿಸಿದ್ದಾರೆ.