ಪಿಟೀಲು ಪಕ್ಕವಾದ್ಯವನ್ನೇ ವೃತ್ತಿ ಮಾಡಿಕೊಳ್ಳಲು ಎಷ್ಟು ಸಿದ್ಧತೆ ಬೇಕು?

ಪ್ರಶ್ನೆ: ನನಗೆ 21 ವರ್ಷ. ಕರ್ನಾಟಕ ಸಂಗೀತದ ಪಿಟೀಲಿನಲ್ಲಿ ಸೀನಿಯರ್ ಪರೀಕ್ಷೆ ಮುಗಿದಿದೆ. ಪಕ್ಕವಾದ್ಯವನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ದಿನಕ್ಕೆ ಎಷ್ಟು ಗಂಟೆ ಸಾಧನೆ ಬೇಕು? ಸೀನಿಯರ್ ನಂತರದ ವಿದ್ವತ್ ಪರೀಕ್ಷೆ ಮುಗಿಸಿದರೆ ಸಾಕೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಪಿಟೀಲು ವಾದಕಿ: ನಾನು ದಿನಕ್ಕೆ ನಾಲ್ಕು ಗಂಟೆ ನುಡಿಸುತ್ತಿದ್ದೆ. ಮೊದಲ ಒಂದು ಗಂಟೆ ಬರೀ ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆ ಎಂಬ ಆರಂಭದ ಸ್ವರಪಾಠಗಳು. ಆಮೇಲೆ ಒಂದೇ ವರ್ಣ (ಸಾಧನೆಗೂ ಕಚೇರಿಯ ಆರಂಭಕ್ಕೂ ನುಡಿಸುವ ರಚನೆ), ಎರಡು ಕಾಲಗಳಲ್ಲಿ, ಅಂದರೆ ಎರಡು ವೇಗಗಳಲ್ಲಿ. ವಿದ್ವತ್ ಓದುವಾಗಲೂ ಗುರುಗಳು ಇದನ್ನು ಬಿಡಿಸಲಿಲ್ಲ. ಆದರೂ ಮೊದಲ ಕಚೇರಿಯಲ್ಲಿ ಕೈ ಕಟ್ಟಿಹೋಯಿತು. ಮನೆಯಲ್ಲಿ ಸದಾ ಒಂದೇ ಶ್ರುತಿಗೆ, ಅಂದರೆ ಒಂದೇ ಆಧಾರ ಸ್ವರಕ್ಕೆ, ನುಡಿಸಿದ್ದೆ. ಅಂದು ಹಾಡಿದವರ ಶ್ರುತಿ ಬೇರೆ. ಬಿರಡೆ ತಿರುವಿದ ಮೇಲೆ ತಂತಿಗಳ ಬಿಗಿಯೇ ಬದಲಾಗಿ, ಕಮಾನಿನ ಒತ್ತು ಹಿಡಿತಕ್ಕೆ ಬರುವಷ್ಟರಲ್ಲಿ ವರ್ಣ ಮುಗಿದಿತ್ತು. ಅಂದಿನಿಂದ ವಾರಕ್ಕೊಂದು ಶ್ರುತಿಯಲ್ಲಿ ಸಾಧನೆ ಮಾಡುತ್ತೇನೆ.

ಇನ್ನೊಂದು ಮಾತು: ಹಾಡಲು ಕಲಿಯಿರಿ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸಿದ್ಧತೆ ಇಲ್ಲ. ಪಕ್ಕವಾದ್ಯದ ಪಿಟೀಲು ಗಾಯಕರ ಬೆನ್ನಿಗೇ ನಡೆಯುತ್ತದೆ. ಕೃತಿಯ ಸಾಹಿತ್ಯ ಬಾಯಿಗೆ ಬಾರದಿದ್ದರೆ ಕಮಾನನ್ನು ಎಲ್ಲಿ ತಿರುಗಿಸಬೇಕೆಂಬುದೇ ತಿಳಿಯದು. ಪದ ನಡುವೆ ತುಂಡಾಗಿ ಕೇಳಿಸುತ್ತದೆ. ಹೊಸ ಕೃತಿ ಸಿಕ್ಕಾಗಲೆಲ್ಲ ನಾನು ವಾದ್ಯ ಪಕ್ಕಕ್ಕಿಟ್ಟು ಮೊದಲು ಅದನ್ನು ಹಾಡಿಕೊಳ್ಳುತ್ತೇನೆ.

ಮೃದಂಗ ವಾದಕ: ಮೇಲಿನವರು ಹೇಳಿದ್ದಕ್ಕೆ ತಾಳವನ್ನೂ ಸೇರಿಸಿ. ಗಾಯಕರು ಕೈಯಲ್ಲಿ ತಾಳ ಹಾಕಿಕೊಳ್ಳುತ್ತಾರೆ. ನಿಮ್ಮ ಎರಡೂ ಕೈ ವಾದ್ಯದ ಮೇಲಿರುತ್ತವೆ. ತಾಳದ ಮೊದಲ ಪೆಟ್ಟಿನಲ್ಲಿ (ಸಮದಲ್ಲಿ) ಶುರುವಾಗದ ಸಾಲಿಗೆ ಗಾಯಕರು ಸ್ಥಳದಲ್ಲೇ ಹೊಸೆದ ಸ್ವರ ಹಾಕಿ, ಉತ್ತರಕ್ಕಾಗಿ ನಿಮ್ಮತ್ತ ನೋಡಿದಾಗ, ಲೆಕ್ಕ ನಿಮ್ಮೊಳಗೇ ನಡೆಯುತ್ತಿರಬೇಕು. ವಾರಕ್ಕೊಮ್ಮೆಯಾದರೂ ಮೃದಂಗದವರೊಬ್ಬರ ಜೊತೆ ಕುಳಿತು ನುಡಿಸಿ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದಲ್ಲಿ ಪಿಟೀಲಿನವರು ಕಮಾನು ಕೆಳಗಿಟ್ಟು ಗಟ್ಟಿಯಾಗಿ ತಾಳ ಹಾಕಿದರೆ ನಮಗೆ ಎಷ್ಟು ಧೈರ್ಯ ಬರುತ್ತದೆಂದು ಹೇಳಲಾರೆ. ಅಂಥವರನ್ನು ನಾವೇ ಮುಂದಿನ ಕಚೇರಿಗೆ ಸೂಚಿಸುತ್ತೇವೆ.

ಗಾಯಕಿ, ಸಂಗೀತ ಶಿಕ್ಷಕಿ: ವಿದ್ವತ್ ಮಾಡಿ, ಪಾಠ ಹೇಳಲು ನೆರವಾಗುತ್ತದೆ. ಮೊದಲ ವರ್ಷಗಳಲ್ಲಿ ನನ್ನನ್ನು ಸಾಕಿದ್ದು ಪಾಠಗಳೇ. ಆಕಾಶವಾಣಿಯ ಧ್ವನಿಪರೀಕ್ಷೆಗೂ ಅರ್ಜಿ ಹಾಕಿ. ಬಿ, ಬಿ-ಹೈ, ಎ, ಟಾಪ್ ಎಂದು ದರ್ಜೆಗಳಿವೆ, ಹೆಚ್ಚಿನವರ ದಾರಿ ಬಿ ಇಂದಲೇ ಶುರುವಾಗುತ್ತದೆ. ಗಂಟೆಗಳ ಹಠಕ್ಕೆ ಮಾತ್ರ ಬೀಳಬೇಡಿ. ನನಗೆ ಪಕ್ಕವಾದ್ಯ ನುಡಿಸುತ್ತಿದ್ದ ಗೆಳತಿ ಭುಜದ ನೋವನ್ನು ನುಂಗಿಕೊಂಡೇ ಸಾಧನೆ ಮಾಡಿದಳು. ಆಮೇಲೆ ಎಂಟು ತಿಂಗಳು ಕಮಾನು ಎತ್ತಲಾಗಲಿಲ್ಲ. ನೋವು ಕಂಡ ದಿನವೇ ನಿಲ್ಲಿಸಿ, ಕೂರುವ ಭಂಗಿಯನ್ನು ಗುರುಗಳಿಗೆ ತೋರಿಸಿ.